ನುಲಿಯಲೆ

ಸಯನ್ ಎಂಬ ಹೆಸರಿನ ಹಿಂದಿರುವುದು ಮರಾಠಿಯ 'ಶೀವ್'. ಎಲ್ಲೆ ಎಂದು ಅದರ ಅರ್ಥ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ಮೊದಲಾಗುತ್ತಿದ್ದ ಆ ಗಡಿಯಲ್ಲಿ, ಹದಿನೇಳನೆಯ ಶತಮಾನದಲ್ಲಿ ಆಂಗ್ಲರು ಕಟ್ಟಿಸಿದ ಕೋಟೆಯ ಅವಶೇಷ ಗುಡ್ಡದ ಮೇಲೆ ಇನ್ನೂ ಇದೆ. ಅದರ ಬುಡದಲ್ಲಿ ವಾಸವಾಗಿದ್ದ ನಿವೃತ್ತ ಅಧ್ಯಾಪಕರೊಬ್ಬರು ಬಹುಕಾಲ ಕನ್ನಡ ರಾತ್ರಿಶಾಲೆಯಲ್ಲಿ ಹೋಟೆಲು ಕಾರ್ಮಿಕರಿಗೆ ಪಾಠ ಹೇಳಿದವರು. ಹಳೆಯ ಶಿಷ್ಯನೊಬ್ಬ ಸೂರ್ಯನ ಕುರಿತ ಇಂಗ್ಲಿಷ್ ಲೇಖನವೊಂದನ್ನು ತಂದು, "ಮಾಸ್ಟ್ರೇ, ಮಗಳು ಇದನ್ನೇ ಓದುತ್ತಿದ್ದಾಳೆ. ನನಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಡಿ" ಎಂದು ಕೇಳಿಕೊಂಡ.

ಅಧ್ಯಾಪಕರು 'ಪ್ರಕಾಶಬಿಂದು', 'ಕಾಂತೀಯ ತರಂಗ' ಎಂದು ಬರೆದುಕೊಟ್ಟರು. ಶಿಷ್ಯ ಎರಡು ಸಲ ಓದಿ, "ಇಷ್ಟು ಸಣ್ಣ ಬಿಂದುವಿನಲ್ಲಿ ಅಲೆ ಏಳುವುದೆಲ್ಲಿ?" ಎಂದ. ಪದಗಳು ಶುದ್ಧವಾಗಿದ್ದವು, ಆದರೆ ಏನನ್ನೂ ತೋರಿಸುತ್ತಿರಲಿಲ್ಲ. ನಮ್ಮ ಪಾರಿಭಾಷಿಕ ಕೋಶಗಳ ಬಹುಪಾಲು ಪದಗಳಿಗೆ ಒದಗಿರುವ ಗತಿಯೂ ಇದೇ.

ಸೂರ್ಯನ ಮೇಲ್ಮೈ ಕುದಿಯುವ ಗಂಜಿಯಂತೆ ಗುಳ್ಳೆಗುಳ್ಳೆಯಾಗಿರುತ್ತದೆ. ಒಂದೊಂದು ಗುಳ್ಳೆಯ ಅಗಲ ಸುಮಾರು 1000 ಕಿಲೋಮೀಟರು. ಗುಳ್ಳೆಗಳ ನಡುವಣ ಕಪ್ಪು ಓಣಿಗಳಲ್ಲಿ ಈ ಹೊಳೆವ ಚುಕ್ಕೆಗಳಿವೆ. ಚುಕ್ಕೆಯೆಂಬುದು ದೂರದ ಕಣ್ಣಿನ ಮಾತು. ಒಂದರ ಅಗಲ ಹೆಚ್ಚುಕಡಿಮೆ ಮುಂಬಯಿಯಿಂದ ಪುಣೆಯವರೆಗಿನಷ್ಟು. ಅಲ್ಲಿಯ ಕಾಂತಕ್ಷೇತ್ರ 1000 ಗಾಸ್‌ಗೂ ಮೇಲು, ಅಂದರೆ ಭೂಮಿಯದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು. ಆ ಕ್ಷೇತ್ರವು ನೆಟ್ಟಗೆ ನಿಂತ ಕೊಳವೆಯಂತಿದ್ದು, ಅದರ ಒತ್ತಡದಿಂದಾಗಿ ಒಳಗಿನ ಅನಿಲ ವಿರಳವಾಗುತ್ತದೆ. ವಿರಳವಾದ್ದರಿಂದ ನಮ್ಮ ನೋಟ ಇನ್ನೂ ಆಳಕ್ಕಿಳಿದು ಹೆಚ್ಚು ಬಿಸಿಯಾದ ಪದರಗಳನ್ನು ಮುಟ್ಟುತ್ತದೆ. ಹೊಳೆಯುವುದು ಉಬ್ಬಲ್ಲ, ತಗ್ಗು. 'ಬಿಂದು' ಎಂಬ ಪದ ಈ ವಿಚಿತ್ರವನ್ನೆಲ್ಲ ನುಂಗಿಬಿಟ್ಟಿತ್ತು.

ಸುತ್ತಲಿನ ಗುಳ್ಳೆಗಳು ಈ ಕೊಳವೆಯನ್ನು ನೂಕುತ್ತಲೇ ಇರುತ್ತವೆ. ಆ ನೂಕಿಗೆ ಕೊಳವೆಯಲ್ಲಿ ಎಂಥ ಅಲೆಗಳು ಹುಟ್ಟುತ್ತವೆಂಬುದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎಸ್.ಎಸ್. ಹಸನ್ ಅವರು ಕಾಲ್ಕೋಫೆನ್ ಅವರೊಡನೆ 1999ರಲ್ಲಿ ಗಣಿಸಿ ತೋರಿಸಿದರು. ಕೊಳವೆ ಅತ್ತಿತ್ತ ಬಳುಕಬಹುದು, ಹಿಗ್ಗಿ ಕುಗ್ಗಬಹುದು. ಇವೆರಡನ್ನೂ 'ಅಲೆ' ಎನ್ನಲು ಅಧ್ಯಾಪಕರಿಗೆ ಅಳುಕಿರಲಿಲ್ಲ. ಕಾಡಿದ್ದು ಮೂರನೆಯದು. 1942ರಲ್ಲಿ ಸ್ವೀಡನ್ನಿನ ಆಲ್ಫ್‌ವೆನ್ ಊಹಿಸಿದ್ದ ಅಲೆಯ ಒಂದು ರೂಪ ಅದು. ಡೇವಿಡ್ ಜೆಸ್ ಮತ್ತು ಸಂಗಡಿಗರು ಲಾ ಪಾಲ್ಮಾ ದ್ವೀಪದ ದೂರದರ್ಶಕದಿಂದ ಇಂಥ ಚುಕ್ಕೆಗಳ ಗುಂಪೊಂದನ್ನು ನೋಡಿ, ಅದರ ಕುರುಹು ಸಿಕ್ಕಿತೆಂದು 2009ರಲ್ಲಿ ಪ್ರಕಟಿಸಿದರು. ಅಲ್ಲಿ ಬೆಳಕು ಅಲೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗಲಿಲ್ಲ, ಕೊಳವೆ ಬಳುಕಲೂ ಇಲ್ಲ. ವರ್ಣರೇಖೆಯೊಂದು ಮಾತ್ರ 126ರಿಂದ 700 ಸೆಕೆಂಡುಗಳ ಲಯದಲ್ಲಿ ಅಗಲವಾಗಿ ಮತ್ತೆ ಕಿರಿದಾಗುತ್ತಿತ್ತು. ಕೊಳವೆಯ ಒಂದು ಮಗ್ಗುಲು ನಮ್ಮತ್ತ, ಇನ್ನೊಂದು ಆಚೆಗೆ ತಿರುಗುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು.

ಏಳದ, ಬೀಳದ ಇದನ್ನು ಏನೆಂದು ಕರೆಯುವುದು? 'ವಿಮೋಟನ ತರಂಗ' ಎಂದು ಬರೆದು ಅಧ್ಯಾಪಕರು ತಾವೇ ಹೊಡೆದುಹಾಕಿದರು. ಆಗ ನೆನಪಾದವನು ಹುಲ್ಲು ಕೊಯ್ದು ಹಗ್ಗ ಹೊಸೆದು ಕಾಯಕ ನಡೆಸಿದ ನುಲಿಯ ಚಂದಯ್ಯ. ಹನ್ನೆರಡನೆಯ ಶತಮಾನದ ಶರಣನ ಹೆಸರಿಗಂಟಿದ ಮಾತನ್ನು ಸೂರ್ಯನಿಗೆ ಹಚ್ಚಬಹುದೇ ಎಂಬ ಸಂಕೋಚ ಅವರಿಗೆ ಎರಡು ದಿನ ಇತ್ತು. ಆದರೆ ನುಲಿ ಎಂಬುದು ಹಗ್ಗ ಹೊಸೆಯುವ ಎಲ್ಲರ ಮಾತು. ಕೊನೆಗೆ 'ನುಲಿಯಲೆ' ಎಂದು ಬರೆದು, ಪಕ್ಕದಲ್ಲಿ ಆಲ್ಫ್‌ವೆನ್ ಹೆಸರನ್ನೂ ಉಳಿಸಿಕೊಂಡರು.

ಶಿಷ್ಯ ಓದಿದ. ಪೊಟ್ಟಣಕ್ಕೆ ಸುತ್ತಿದ್ದ ಹುರಿಯನ್ನು ಬಿಚ್ಚಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಬೆರಳುಗಳ ನಡುವೆ ಹೊಸೆದ. ಹುರಿ ನಿಂತಲ್ಲೇ ಇತ್ತು. ನುಲಿ ಮಾತ್ರ ಸರಳಿನತ್ತ ಹೋಯಿತು.

"ಸೂರ್ಯನಲ್ಲಿ ಈ ಆಚೆಯ ತುದಿ ಎಲ್ಲಿದೆ, ಮಾಸ್ಟ್ರೇ?"

ಅದು ಕರೋನಾದಲ್ಲಿದೆ. ಮೇಲ್ಮೈಯ ಉಷ್ಣತೆ ಸುಮಾರು 5500 ಡಿಗ್ರಿಯಾದರೆ, ಅದಕ್ಕಿಂತ ಎಷ್ಟೋ ಎತ್ತರದ ಕರೋನಾದ್ದು ಹತ್ತು ಲಕ್ಷಕ್ಕೂ ಮೇಲು. ಒಲೆಯಿಂದ ದೂರ ಸರಿದಷ್ಟೂ ಬಿಸಿ ಏರುವುದೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಅಲೆಗಳೇ ಶಕ್ತಿಯನ್ನು ಹೊತ್ತೊಯ್ಯುತ್ತವೆಂದು ಕೆಲವರು, ಅಸಂಖ್ಯ ಸಣ್ಣ ಸ್ಫೋಟಗಳೆಂದು ಕೆಲವರು. 2023ರ ಸೆಪ್ಟೆಂಬರಿನಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಕರೋನಾವನ್ನು ನೋಡುವ ಉಪಕರಣವನ್ನು ಕಟ್ಟಿದ್ದೂ ಬೆಂಗಳೂರಿನ ಅದೇ ಸಂಸ್ಥೆ.

ಅಧ್ಯಾಪಕರು ಇಷ್ಟನ್ನೂ ಬಾಯಲ್ಲೇ ಹೇಳಿ ಮುಗಿಸಿದರು. ಶಿಷ್ಯ ಹುರಿಯನ್ನು ಬಿಚ್ಚಿಕೊಳ್ಳುತ್ತ, "ಇದನ್ನೂ ಬರೆದುಕೊಡಿ, ನಾಡಿದ್ದು ಬರುತ್ತೇನೆ" ಎಂದು ಹೊರಟ.