ಎಳನೀರು ಕುಡಿಸಿ ಸುಮ್ಮನಾಗಿದ್ದೆ

ಹೋದ ಬ್ಯಾಸಿಗ್ಯಾಗ ನಮ್ಮ ಅತ್ತಿಯವರಿಗೆ ಎರಡು ದಿನ ಭೇದಿ ಆತು. ನಿಂತ ಮ್ಯಾಲೂ ಕಾಲು ಸೆಳೀತಾವ, ತೊಡ್ಯಾಗ ಬಲಾನ ಇಲ್ಲ ಅಂತಿದ್ರು. "ವಯಸ್ಸಾತಲ್ಲ, ಇರೂದ" ಅಂದೆ. ಎಣ್ಣಿ ತಿಕ್ಕಿ, ಬಾಳೆಹಣ್ಣು, ಎಳನೀರು ಕೊಟ್ಟು ಸುಮ್ಮನಾದೆ. ಮರುದಿನ ಬಚ್ಚಲಕ್ಕ ಹೋದವರಿಗೆ ಮ್ಯಾಲೆ ಏಳಲಿಕ್ಕೆ ಆಗಲಿಲ್ಲ.

ದವಾಖಾನ್ಯಾಗ ರಕ್ತ ತಪಾಸಣಿ ಮಾಡಿದ್ರ ಪೊಟ್ಯಾಸಿಯಂ 2.7. ಅದು 3.5 ರಿಂದ 5ರ ನಡುವ ಇರಬೇಕಂತ. ಭಾಳ ಇಳಿದ್ರ ಎದಿ ಬಡಿತನ ತಪ್ಪತದ ಅಂತ ಡಾಕ್ಟರು ಕೂಡಲೇ ಇಸಿಜಿ ತಗದ್ರು. ಸಲಾಯಿನ್‌ದಾಗ ಪೊಟ್ಯಾಸಿಯಂ ಸಾವಕಾಶ ಏರಿಸಿದ್ರು. ಆಮ್ಯಾಲೆ ಕುಡಿಯೋ ಔಷಧ ಕೊಟ್ರು, ನೀರಾಗ ಬೆರೆಸಿ ಊಟ ಆದ ಮ್ಯಾಲೆ ತಗೊಳ್ಳೂದು.

"ಬಿಪಿಗೆ ಯಾವ ಗುಳಿಗಿ ತಗೋತಾರ?" ಅಂತ ಕೇಳಿದ್ರು. ಚೀಟಿ ತೋರಿಸಿದೆ. ಮೂತ್ರ ಹೆಚ್ಚು ಹೋಗೋ ಗುಳಿಗಿ ಅದು. ಅದರ ಜೋಡಿ ಪೊಟ್ಯಾಸಿಯಂನೂ ದಿನಾ ಹೋಗ್ತಿತ್ತು, ಮ್ಯಾಲೆ ಭೇದಿ ಬ್ಯಾರೆ. ಮೆಗ್ನೀಸಿಯಂನೂ ಕಡಿಮಿ ಇತ್ತು. ಅದನ್ನ ಸರಿ ಮಾಡದ ಪೊಟ್ಯಾಸಿಯಂ ಮೈಯಾಗ ನಿಲ್ಲೂದಿಲ್ಲಂತ. ಎರಡೂ ತುಂಬಿ, ಬಿಪಿ ಗುಳಿಗಿ ಬದಲಿ ಮಾಡಿದ್ರು.

ತೂತು ಬಿದ್ದ ಕೊಡಕ್ಕ ನೀರು ಹೊಯ್ಯೂದಷ್ಟ ನಾ ಮಾಡಿದ್ದು, ತೂತು ಎಲ್ಲದ ಅಂತ ನೋಡಲಿಲ್ಲ. ಹಂಗಂತ ನೀವ ಗುಳಿಗಿ ಬಿಡಿಸಬ್ಯಾಡ್ರಿ, ಡಾಕ್ಟರನ್ನ ಕೇಳ್ರಿ. ಕಿಡ್ನಿ ತ್ರಾಸು ಇದ್ದವರಿಗೆ ಎಳನೀರೂ ಕೇಳೇ ಕೊಡ್ರಿ, ಅವರಿಗೆ ಪೊಟ್ಯಾಸಿಯಂ ಏರಿದ್ರೂ ಅಪಾಯನ.

ಈಗ ಅತ್ತಿಯವರು ತಾವ ಎದ್ದು ಬೆಳಿಗ್ಗೆ ತುಳಸಿಗೆ ನೀರು ಹಾಕ್ತಾರ. "ವಯಸ್ಸಾತು" ಅನ್ನೂದನ್ನ ನಾ ಬಿಟ್ಟೀನಿ.