ಒಂದೇ ಒಡಲಿನ ಮೂವರು ರಾಣಿಯರು

ಕಲ್ಪನಾಕಥೆಗಳೆಂದರೆ ಮಕ್ಕಳು ಹೊತ್ತು ಕಳೆಯುವ ಸಾಧನವೆಂದು ತಿಳಿದಿರುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಮಾಯೆ, ಮಂತ್ರ, ರಾಜಕುಮಾರಿಯರ ಸಂಗತಿಯುಳ್ಳ ಪುಸ್ತಕವೊಂದು ಪಾಠಪುಸ್ತಕಗಳ ನಡುವೆ ಕಂಡರೆ ಸಾಕು, ಅದನ್ನು ಕಸಿದು ಅಟ್ಟಕ್ಕೇರಿಸುವುದೇ ತಮ್ಮ ಕರ್ತವ್ಯವೆಂದು ಅವರು ಭಾವಿಸುತ್ತಾರೆ. ಹದಿಹರೆಯದವರಿಗಾಗಿ ಬರೆದ ಅಂತಹುದೇ ಇಂಗ್ಲಿಷ್ ಕಾದಂಬರಿಯೊಂದನ್ನು ಕಳೆದ ಬೇಸಗೆಯ ರಜೆಯಲ್ಲಿ ನಾನು ಆದ್ಯಂತವಾಗಿ ಓದಿದೆ. ಮಕ್ಕಳಿಗಿಂತ ಮೊದಲು ಹೆತ್ತವರು ಇದನ್ನು ಓದಬೇಕೆಂದು ನನಗನಿಸಿತು. ಆ ಕಾರಣದಿಂದಲೇ ಈ ನಾಲ್ಕು ಮಾತು.

ಕಾದಂಬರಿಯ ಹೆಸರು 'ತ್ರೀ ಡಾರ್ಕ್ ಕ್ರೌನ್ಸ್'. ಮೂರು ಕರಾಳ ಕಿರೀಟಗಳು ಎನ್ನಬಹುದು. ಬರೆದವರು ಕೆಂಡೇರ್ ಬ್ಲೇಕ್ ಎಂಬ ಅಮೆರಿಕದ ಲೇಖಕಿ. 2016ರಲ್ಲಿ ಇದು ಪ್ರಕಟವಾಯಿತು. 2019ರ ವೇಳೆಗೆ ನಾಲ್ಕು ಸಂಪುಟಗಳಲ್ಲಿ ಕಥೆ ಪೂರ್ಣಗೊಂಡಿತು. ಫೆನ್‌ಬರ್ನ್ ಎಂಬುದೊಂದು ಕಲ್ಪಿತ ದ್ವೀಪ. ಅಲ್ಲಿ ಪ್ರತಿಯೊಂದು ತಲೆಮಾರಿನಲ್ಲಿಯೂ ರಾಣಿಗೆ ಒಂದೇ ಹೆರಿಗೆಯಲ್ಲಿ ಮೂವರು ಹೆಣ್ಣುಮಕ್ಕಳು ಹುಟ್ಟುತ್ತಾರೆ. ಮೂವರೂ ರಾಣಿಯರೇ, ಆದರೆ ಸಿಂಹಾಸನ ಒಂದೇ. ಹದಿನಾರು ವರ್ಷ ತುಂಬಿದ ಮೇಲೆ, ಉಳಿದಿಬ್ಬರನ್ನು ಕೊಂದು ಬದುಕಿ ಉಳಿದವಳಿಗೆ ಪಟ್ಟ. ಇದು ಆ ದ್ವೀಪದ ಧರ್ಮ, ಪ್ರಶ್ನಿಸುವವರು ಇಲ್ಲ.

ಮಿರಬೆಲ್ಲಾ ಬೆಂಕಿ ಬಿರುಗಾಳಿಗಳನ್ನು ಆಳಬಲ್ಲವಳು. ಕ್ಯಾಥರೀನಳು ವಿಷವನ್ನು ಉಂಡು ಅರಗಿಸಿಕೊಳ್ಳಬೇಕಾದವಳು. ಆರ್ಸಿನೋಯಿ ಗಿಡಬಳ್ಳಿಗಳನ್ನು ಚಿಗುರಿಸಿ ಕಾಡುಮೃಗಗಳನ್ನು ಒಲಿಸಿಕೊಳ್ಳಬೇಕಾದವಳು. ಆರು ವರ್ಷದವರೆಗೆ ಈ ಮೂವರೂ ಒಂದೇ ಮನೆಯಲ್ಲಿ ಆಡಿಕೊಂಡು ಬೆಳೆಯುತ್ತಾರೆ. ಬಳಿಕ ಮೂರು ಮನೆತನಗಳವರು ಬಂದು ತಮ್ಮ ತಮ್ಮ ಪಾಲಿನ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಂದಿನಿಂದ ಹತ್ತು ವರ್ಷಗಳ ಕಾಲ ಆ ಮಕ್ಕಳಿಗೆ ನಡೆಯುವ ಪಾಠ ಒಂದೇ: ನಿನ್ನ ಒಡಹುಟ್ಟಿದವರು ನಿನ್ನ ಶತ್ರುಗಳು.

ಶಿಕ್ಷಕನಾದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಹತ್ತು ವರ್ಷಗಳ ಶಿಕ್ಷಣ. ಕ್ಯಾಥರೀನಳಿಗೆ ವಿಷದ ಶಕ್ತಿ ಬಂದಿಲ್ಲ. ಆದರೂ ಸಾಕಿದ ಮನೆಯವರು ಅವಳಿಗೆ ಮತ್ತೆ ಮತ್ತೆ ವಿಷವನ್ನುಣಿಸಿ ಅಭ್ಯಾಸ ಮಾಡಿಸುತ್ತಾರೆ. ಹುಡುಗಿ ಕೃಶಳಾಗಿ, ಮೈಯೆಲ್ಲ ಬೊಬ್ಬೆಯೆದ್ದು ನರಳುತ್ತಾಳೆ. ಆರ್ಸಿನೋಯಿ ಎಷ್ಟು ಪ್ರಯತ್ನಿಸಿದರೂ ಒಂದು ಮೊಗ್ಗನ್ನು ಅರಳಿಸಲಾರಳು. ಕಾರಣವು ಓದುಗರಿಗೆ ತಡವಾಗಿ ತಿಳಿಯುತ್ತದೆ. ವಿಷ ಬೆರೆತ ಸಿಹಿಯನ್ನು ತಿಂದರೂ ಆರ್ಸಿನೋಯಿಗೆ ಏನೂ ಆಗುವುದಿಲ್ಲ. ವಿಷದ ಶಕ್ತಿ ಇರುವುದು ಅವಳಲ್ಲಿ. ಹುಟ್ಟಿದಾಗಲೇ ಅವರಿಬ್ಬರ ಗುರುತು ಅದಲುಬದಲಾಗಿತ್ತು! ತನ್ನದಲ್ಲದ ಶಕ್ತಿಯನ್ನು ತೋರಿಸೆಂದು ಒಂದು ಮಗುವನ್ನು ಹತ್ತು ವರ್ಷ ಹಿಂಡಿದವರು, ಈ ಮಗುವಿನಲ್ಲಿ ನಿಜವಾಗಿ ಏನಿದೆ ಎಂದು ಒಂದು ದಿನವಾದರೂ ನೋಡಲಿಲ್ಲ. ಅವರಿಗೆ ಬೇಕಾಗಿದ್ದುದು ಮಗುವಲ್ಲ, ಗೆಲುವು. ತಮ್ಮ ರಾಣಿ ಗೆದ್ದರೆ ರಾಜ್ಯದ ಅಧಿಕಾರ ತಮ್ಮ ಮನೆಯಂಗಳಕ್ಕೆ ಬರುವುದೆಂಬುದೇ ಅವರ ಲೆಕ್ಕಾಚಾರ.

ಈ ಕಥೆಯ ಬೀಜ ತಮಗೆ ದೊರಕಿದ್ದು ಜೇನುಹುಳುಗಳಿಂದ ಎಂದು ಲೇಖಕಿ ಹೇಳಿಕೊಂಡಿದ್ದಾರೆ. ನಮ್ಮ ಕಡೆಯ ತೋಟಗಳಲ್ಲಿ ಜೇನುಪೆಟ್ಟಿಗೆ ಇಟ್ಟವರಿಗೆ ಇದು ಹೊಸ ವಿಷಯವಲ್ಲ. ಹಳೆಯ ರಾಣಿ ಒಂದು ಪಾಲು ನೊಣಗಳೊಡನೆ ಗೂಡು ಬಿಟ್ಟು ಹೊರಡುವ ಕಾಲಕ್ಕೆ ಎರಿಯಲ್ಲಿ ಹಲವು ರಾಣಿಕೋಶಗಳು ಸಿದ್ಧವಾಗಿರುತ್ತವೆ. ಮೊದಲು ಹೊರಬಂದ ಹೊಸ ರಾಣಿ ಅನೇಕ ವೇಳೆ ಇನ್ನೂ ಕೋಶದೊಳಗಿರುವ ಸೋದರಿಯರನ್ನು ಚುಚ್ಚಿ ಕೊಲ್ಲುತ್ತಾಳೆ. ಇದರೊಡನೆ ಇನ್ನೊಂದು ಸಂಗತಿಯನ್ನೂ ನಾವು ನೆನೆಯಬೇಕು. ರಾಣಿಯಾಗುವ ಮರಿಹುಳುವಿಗೂ ಕೆಲಸಗಾರ ನೊಣವಾಗುವ ಮರಿಹುಳುವಿಗೂ ಹುಟ್ಟಿನಲ್ಲಿ ಭೇದವಿಲ್ಲ. ಯಾವುದಕ್ಕೆ ಏನನ್ನು, ಎಷ್ಟು ದಿನ ಉಣಿಸಬೇಕೆಂಬುದು ಸಾಕುವ ನೊಣಗಳ ಕೈಯಲ್ಲಿದೆ. ತಾಯಿ ಇಟ್ಟದ್ದು ಒಂದೇ ಬಗೆಯ ಮೊಟ್ಟೆ. ರಾಣಿಯನ್ನು ಮಾಡಿದ್ದು ಉಣಿಸಿದವರು. ನೊಣಗಳಿಗೆ ಇದು ಪ್ರಕೃತಿನಿಯಮ. ಮನುಷ್ಯರಾದ ನಮಗೆ ಉಣಿಸುವ ಮುನ್ನ ಯೋಚಿಸುವ ಬುದ್ಧಿಯೊಂದಿದೆ.

ಯಕ್ಷಗಾನ, ತಾಳಮದ್ದಳೆಗಳ ಪರಿಚಯವುಳ್ಳ ನಮ್ಮವರಿಗೆ ಇಲ್ಲಿ ಕದ್ರು ವಿನತೆಯರು ನೆನಪಾಗದಿರರು. ಉಚ್ಚೈಶ್ರವಸ್ಸಿನ ಬಾಲದ ಬಣ್ಣಕ್ಕೆ ಪಂತ ಕಟ್ಟಿ, ಮಕ್ಕಳಾದ ನಾಗರಿಂದ ಮೋಸ ಮಾಡಿಸಿ, ಕದ್ರುವು ತಂಗಿಯನ್ನು ದಾಸಿಯನ್ನಾಗಿ ಮಾಡಿಕೊಂಡಳು. ಮೋಸಕ್ಕೊಪ್ಪದ ತನ್ನ ಮಕ್ಕಳನ್ನೇ, ಜನಮೇಜಯನ ಸರ್ಪಯಾಗದಲ್ಲಿ ಬೆಂದುಹೋಗಿರೆಂದು ಶಪಿಸಿದಳು. ಒಡಹುಟ್ಟಿದವಳ ಮೇಲಣ ಮತ್ಸರವು ಕಡೆಗೆ ಸ್ವಂತ ಒಡಲನ್ನೇ ಸುಡುವುದೆಂಬುದು ವ್ಯಾಸರ ದರ್ಶನ. ಆದರೆ ಅಲ್ಲಿ ಮತ್ಸರ ಹುಟ್ಟಿದ್ದು ಕದ್ರುವಿನ ಎದೆಯಲ್ಲಿಯೇ. ಈ ಕಾದಂಬರಿಯಲ್ಲಾದರೋ ಅದನ್ನು ಬಿತ್ತಿ ನೀರೆರೆದವರು ಹಿರಿಯರು. ಅದರಿಂದಾಗಿ ಇದು ನಮ್ಮ ಇಂದಿನ ಮನೆಗಳಿಗೆ ಹೆಚ್ಚು ಹತ್ತಿರವಾಗಿದೆಯೆಂದು ನನ್ನ ಎಣಿಕೆ.

ಹತ್ತಿರ ಹೇಗೆಂದು ಓದುಗರು ಕೇಳಬಹುದು. ಈ ಪುಸ್ತಕ ನಮ್ಮ ಮನೆಗೆ ಬಂದುದು ನನ್ನ ತಂಗಿಯ ಕಿರಿಯ ಮಗಳ ಚೀಲದಲ್ಲಿ. ತಂಗಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಎಳವೆಯಿಂದಲೇ ಅಜ್ಜಿಯೊಡನೆ ನಮ್ಮಲ್ಲಿದ್ದು, ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಿರಿಯವಳು ತಾಯಿತಂದೆಯರ ಜೊತೆ ಮಂಗಳೂರಿನಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವವಳು. ರಜೆ ಬಂತೆಂದರೆ, ಮನೆಗೆ ಬಂದ ನೆಂಟರು ಕಾಪಿಯ ಲೋಟ ಕೆಳಗಿಡುವ ಮೊದಲೇ ಇಬ್ಬರ ಅಂಕಗಳನ್ನು ತಕ್ಕಡಿಗೆ ಹಾಕುತ್ತಿದ್ದರು. ತಂಗಿಯಂತೆ ಇಂಗ್ಲಿಷ್ ಬರುವುದಿಲ್ಲವೇ ಎಂದು ಒಬ್ಬಳಿಗೆ. ಅಕ್ಕನಂತೆ ನಾಲ್ಕು ಸಾಲು ಕನ್ನಡ ಓದಲಾಗದೇ ಎಂದು ಇನ್ನೊಬ್ಬಳಿಗೆ. ವರ್ಷ ಕಳೆದಂತೆ ಮಕ್ಕಳಿಬ್ಬರೂ ಒಂದೇ ಸೂರಿನಡಿ ಬೇರೆ ಬೇರೆ ಕೋಣೆಗಳಲ್ಲಿ ಕುಳಿತುಕೊಳ್ಳತೊಡಗಿದರು.

ಈ ಸಲ ಹಿರಿಯವಳು ಆ ಪುಸ್ತಕವನ್ನೆತ್ತಿಕೊಂಡು, ನಿಘಂಟನ್ನು ಮಗ್ಗುಲಲ್ಲಿಟ್ಟು ದಿನಕ್ಕೆ ಹತ್ತು ಪುಟದಂತೆ ಓದಿದಳು. ಒಂದು ಸಂಜೆ ಜಗಲಿಗೆ ಬಂದು, "ಮಾವಾ, ಮೂವರಲ್ಲಿ ಮಿರಬೆಲ್ಲಾ ಒಬ್ಬಳಿಗೆ ಮಾತ್ರ ಚಿಕ್ಕಂದಿನದೆಲ್ಲ ನೆನಪಿದೆ. ಉಳಿದಿಬ್ಬರು ಮರೆತಿದ್ದಾರೆ. ನೆನಪಿರುವವಳಿಗೇ ಕಷ್ಟ ಅಲ್ಲವೇ?" ಎಂದಳು. ತುಸು ತಡೆದು, "ನಾವಿಬ್ಬರು ಒಂದೇ ಚಾಪೆಯಲ್ಲಿ ಮಲಗುತ್ತಿದ್ದುದು ಅವಳಿಗೆ ನೆನಪಿದೆಯೋ ಇಲ್ಲವೋ" ಎಂದು ಸೇರಿಸಿದಳು. ಒಳಬಾಗಿಲಲ್ಲಿ ನಿಂತಿದ್ದ ಕಿರಿಯವಳು ಕೇಳಿಸಿಕೊಂಡಿರಬೇಕು. ಏನೂ ಹೇಳಲಿಲ್ಲ. ಆದರೆ ಮರುದಿನದಿಂದ ನಿಘಂಟಿನ ಅಗತ್ಯ ಬೀಳಲಿಲ್ಲ. ಕಠಿಣ ಶಬ್ದಗಳ ಅರ್ಥವನ್ನು ತಂಗಿಯೇ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಳು. ಹತ್ತು ವರ್ಷದ ದೂರ ಒಂದು ಪುಸ್ತಕದಿಂದ ಅಳಿಯಿತೆಂದು ನಾನು ಹೇಳಲಾರೆ. ಮಾತು ಮೊದಲಾಯಿತು, ಅಷ್ಟೇ.

ಕಾದಂಬರಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಮೂರು ಊರುಗಳ ನಡುವೆ ಸರದಿಯಂತೆ ಸಾಗುವ ಕಥನದಲ್ಲಿ ಹೆಸರುಗಳ ಗದ್ದಲ ಹೆಚ್ಚು, ಮೊದಲರ್ಧ ನಿಧಾನ. ಕೊಲೆ, ವಿಷ, ಪ್ರಣಯಗಳಿರುವುದರಿಂದ ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಕೊಡುವಂತಹುದಲ್ಲ. ಹೈಸ್ಕೂಲು ದಾಟಿದವರು ಓದಲಿ. ಮನೆಯ ಹಿರಿಯರೂ ಜೊತೆಗೆ ಓದಲಿ.

ನಮ್ಮ ಶಾಲೆಯಲ್ಲಿ ಈ ವರ್ಷದಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ ಮಾಡಿಕೊಂಡಿದ್ದೇನೆ. ತರಗತಿಗೆ ಬಂದ ಮಗುವಿಗೆ ಅದರ ಅಕ್ಕನ ಅಂಕವನ್ನಾಗಲಿ, ಅಣ್ಣನ ಜಾಣತನವನ್ನಾಗಲಿ ಎತ್ತಿ ಹೇಳಬಾರದು. ಗಡಿನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಓದುತ್ತಾರೆ. ಅದು ಕಾಲಧರ್ಮ. ಭಾಷೆ ಬೇರೆಯಾದ ಮಾತ್ರಕ್ಕೆ ಒಡಹುಟ್ಟಿದವರು ಬೇರೆಯಾಗಬೇಕಿಲ್ಲ. ಫೆನ್‌ಬರ್ನಿನ ಮಕ್ಕಳಿಗೆ ಕಿರೀಟ ಒಂದೇ ಎಂದು ಹಿರಿಯರು ಹೇಳಿದರು, ಮಕ್ಕಳು ನಂಬಿದರು. ನಮ್ಮ ಮಕ್ಕಳೂ ನಾವು ಹೇಳಿದ್ದನ್ನು ನಂಬುತ್ತಾರೆ. ಏನು ಹೇಳುತ್ತೇವೆಂಬುದರ ಹೊಣೆ ನಮ್ಮದು.