ಚಹಾದ ನೀರಿನ ಊರಲ್ಲಿ ಗಿಟಾರ್ ಪೆಟ್ಟಿಗೆಗಳು

ಟೋಕಿಯೋ ಕೇಂದ್ರ ನಿಲ್ದಾಣದಲ್ಲಿ ಕಿತ್ತಳೆ ಪಟ್ಟಿಯ ಚುವೊ ವೇಗದ ರೈಲು ಹತ್ತಿದರೆ ಎರಡನೆಯ ನಿಲ್ದಾಣವೇ ಒಚಾನೊಮಿಜು. ಹೆಸರಿನ ಅರ್ಥ 'ಚಹಾದ ನೀರು'. ಇಲ್ಲಿದ್ದ ದೇಗುಲವೊಂದರ ಬುಗ್ಗೆಯ ನೀರನ್ನು ಶೋಗುನನ ಚಹಾಕ್ಕೆ ಒಯ್ಯುತ್ತಿದ್ದರಂತೆ. ಕಾಲಕ್ರಮದಲ್ಲಿ ಬುಗ್ಗೆ ಇಲ್ಲವಾಯಿತು, ಹೆಸರು ಉಳಿಯಿತು. 17ನೆಯ ಶತಮಾನದಲ್ಲಿ ಗುಡ್ಡವನ್ನು ಸೀಳಿ ದಾರಿ ಮಾಡಿಕೊಟ್ಟ ಕಂದಾ ನದಿ ಈಗಲೂ ನಿಲ್ದಾಣದ ಪಕ್ಕದಲ್ಲೇ ಹರಿಯುತ್ತದೆ. 1927ರಲ್ಲಿ ಕಟ್ಟಿದ ಹಿಜಿರಿ ಸೇತುವೆಯ ಮೇಲೆ ನಿಂತರೆ ಮೂರು ಮಾರ್ಗಗಳ ರೈಲುಗಳು ಒಂದರ ಮೇಲೊಂದು ಹಾದುಹೋಗುವುದನ್ನು ನೋಡಬಹುದು. ಸೇತುವೆಯ ಒಂದು ಕಡೆ 1891ರ ನಿಕೊಲಾಯ್ ಇಗರ್ಜಿ, ಇನ್ನೊಂದು ಕಡೆ ಕನ್‌ಫ್ಯೂಷಿಯಸ್‌ನ ಮಂದಿರ.

ಬೆನ್ನಿಗೆ ಗಿಟಾರ್ ಚೀಲ ಹಾಕಿಕೊಂಡು ರೈಲಿನಿಂದ ಇಳಿಯುವವರಿಗೆ ಮಾತ್ರ ಈ ಎರಡೂ ಬೇಡ. ಅವರು ನಿಲ್ದಾಣದ ಮತ್ತೊಂದು ಬಾಗಿಲಿನಿಂದ ಹೊರಬಿದ್ದು, ಮೇಜಿ ವಿಶ್ವವಿದ್ಯಾಲಯದ ಮುಂದೆ ಇಳಿಜಾರಾಗಿ ಸಾಗುವ ಮೇದಾಯ್ ಬೀದಿ ಹಿಡಿಯುತ್ತಾರೆ. ಬೀದಿಯ ಎರಡೂ ಬದಿಗೆ ವಾದ್ಯಗಳ ಅಂಗಡಿಗಳು. ಮಹಡಿಯ ಮೇಲೆ ಮಹಡಿ, ಗೋಡೆ ತುಂಬ ಗಿಟಾರು. ಇನ್ನೂ ಕೆಳಗಿಳಿದರೆ ಹಳೆಯ ಪುಸ್ತಕಗಳಿಗೆ ಹೆಸರಾದ ಜಿಂಬೊಚೊ.

ಈ ಅಂಗಡಿಗಳಲ್ಲಿ ಗಿರಾಕಿಯನ್ನು ಬಹಳ ಹೊತ್ತು ನಿಲ್ಲಿಸುವುದು ಗಿಟಾರಿಗಿಂತ ಗಾಜಿನ ಕಪಾಟಿನಲ್ಲಿರುವ ಬಣ್ಣಬಣ್ಣದ ಪುಟ್ಟ ಲೋಹದ ಪೆಟ್ಟಿಗೆಗಳು. ಗಿಟಾರಿನ ನಾದಕ್ಕೆ ಗೊಗ್ಗರು, ಪ್ರತಿಧ್ವನಿ, ಅಲೆ ಬೆರೆಸುವ ಸಾಧನಗಳಿವು. ಒಂದೊಂದು ಕೆಲಸಕ್ಕೆ ಒಂದೊಂದು ಪೆಡಲ್ ಕೊಳ್ಳುವುದೋ, ಎಲ್ಲವನ್ನೂ ಅಡಗಿಸಿಕೊಂಡ ಒಂದೇ ಮಲ್ಟಿ ಎಫೆಕ್ಟ್ಸ್ ಯಂತ್ರ ಕೊಳ್ಳುವುದೋ? ಸಂಜೆಯ ಅಂಗಡಿ ಕೆಲಸದಲ್ಲಿ ಯೆನ್ ಕೂಡಿಸಿ ತಂದ ವಿದ್ಯಾರ್ಥಿಗೆ ಇದು ಸಣ್ಣ ಪ್ರಶ್ನೆಯಲ್ಲ. ಒಮ್ಮೆ ಎಡವಿದರೆ ಮತ್ತೆ ಅಷ್ಟು ಹಣ ಕೂಡಲು ತಿಂಗಳುಗಳೇ ಬೇಕು.

ಒಂದು ಪೆಟ್ಟಿಗೆ, ಒಂದು ಕೆಲಸ

ಎಲೆಕ್ಟ್ರಿಕ್ ಗಿಟಾರಿನಿಂದ ಹೊರಡುವ ವಿದ್ಯುತ್ ಸಂಕೇತ ಬಲು ಕ್ಷೀಣ. ಗೊಗ್ಗರು ಪೆಡಲ್ ಅದನ್ನು ಹಿಗ್ಗಿಸಿ, ಅಲೆಯ ನೆತ್ತಿಯನ್ನು ಡಯೋಡುಗಳಿಂದ ಕತ್ತರಿಸುತ್ತದೆ. ದುಂಡಗಿನ ಅಲೆ ಚಪ್ಪಟೆಯಾದಾಗ ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ರಾಕ್ ಸಂಗೀತದ ಆ ಗುಡುಗಿನ ಗುಟ್ಟು ಇಷ್ಟೇ. ಇಕುತಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಆರಂಭಿಸಿದ ರೋಲ್ಯಾಂಡ್ ಸಂಸ್ಥೆ, ತನ್ನ ಬಾಸ್ ಹೆಸರಿನಡಿ 1978ರಲ್ಲಿ ಹೊರತಂದ ಕಿತ್ತಳೆ ಬಣ್ಣದ ಡಿ.ಎಸ್.-1 ಇಂದಿಗೂ ಮಾರಾಟದಲ್ಲಿದೆ. ಮೂರು ಗುಬ್ಬಿ, ಒಂದು ತುಳಿಗೆ. ಕಲಿಯಲು ಐದು ನಿಮಿಷ ಸಾಕು.

ಹಳೆಯ ಪ್ರತಿಧ್ವನಿ ಪೆಡಲ್‌ಗಳ ಒಳಗಿನ ಚಿಪ್ಪಿನದು ಇನ್ನೂ ಸ್ವಾರಸ್ಯದ ಕಥೆ. ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲವೆ? ಹಾಗೆಯೇ ಆ ಚಿಪ್ಪಿನಲ್ಲಿ ಸಾವಿರಾರು ಪುಟ್ಟ ಕೋಶಗಳು ವಿದ್ಯುದಾವೇಶವನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ. ದಾಟಲು ಹಿಡಿದ ಹೊತ್ತೇ ಪ್ರತಿಧ್ವನಿಯ ವಿಳಂಬ. ದಾರಿಯಲ್ಲಿ ತುಸು ಚೆಲ್ಲುವುದರಿಂದ ಮರಳುವ ನಾದ ಸ್ವಲ್ಪ ಮಬ್ಬು. ಆ ಮಬ್ಬನ್ನೇ ಮೆಚ್ಚಿ ಹಣ ಕೊಡುವವರಿದ್ದಾರೆ.

ಎಲ್ಲವೂ ಒಂದರಲ್ಲೇ

ಬಾಸ್ 1988ರಲ್ಲಿ ಎಂ.ಇ.-5 ಎಂಬ ಯಂತ್ರದಲ್ಲಿ ಹಲವು ಎಫೆಕ್ಟುಗಳನ್ನು ಒಂದೇ ಹಲಗೆಗೆ ತಂದಿತು. 1983ರಲ್ಲಿ ಹುಟ್ಟಿದ ಜೂಮ್ ಕಂಪನಿ ಇಂತಹ ಯಂತ್ರವನ್ನು ಗಿಟಾರಿನ ಪಟ್ಟಿಗೆ ಸಿಕ್ಕಿಸುವಷ್ಟು ಕಿರಿದಾಗಿಸಿತು. ಆ ಕಂಪನಿಯ ಕಚೇರಿ ಇರುವುದು ಇದೇ ಅಂಗಡಿಗಳ ನೆರೆಯಲ್ಲಿ, ಸುರುಗದಾಯ್ ಗುಡ್ಡದ ಮೇಲೆ ಎಂಬುದು ಬೀದಿಯಲ್ಲಿ ಅಡ್ಡಾಡುವ ಅನೇಕರಿಗೆ ಗೊತ್ತಿರುವುದಿಲ್ಲ.

ಇಂದಿನ ಮಲ್ಟಿ ಯಂತ್ರ ನಾದವನ್ನು ಸೆಕೆಂಡಿಗೆ 44,100 ಬಾರಿ ಅಥವಾ ಅದಕ್ಕೂ ಹೆಚ್ಚು ಬಾರಿ ಅಳೆದು ಅಂಕಿಗಳಾಗಿಸುತ್ತದೆ. ಅಂಕಿಗಳ ಮೇಲೆ ಲೆಕ್ಕ ಮಾಡಿ ಮತ್ತೆ ನಾದವಾಗಿಸುತ್ತದೆ. ಈ ಲೆಕ್ಕಕ್ಕೆ ಕೆಲವು ಮಿಲಿಸೆಕೆಂಡು ತಡವಾಗುತ್ತದೆಂದು ದೂರುವವರುಂಟು. ಆದರೆ ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸಾಗುವುದೇ ಸುಮಾರು 34 ಸೆಂಟಿಮೀಟರ್. ಮೂರು ಮಿಲಿಸೆಕೆಂಡಿನ ತಡವೆಂದರೆ ಸ್ಪೀಕರಿನಿಂದ ಇನ್ನೊಂದು ಮೀಟರ್ ದೂರ ನಿಂತಂತೆ, ಅಷ್ಟೆ.

ಇದರ ನಿಜವಾದ ಬಲ ವೇದಿಕೆಯ ಮೇಲೆ ಕಾಣುತ್ತದೆ. ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವಾಗ ಮೂರು ಪೆಡಲ್ ಆರಿಸಿ ಎರಡನ್ನು ಹೊತ್ತಿಸಬೇಕಾದರೆ ಕಾಲು ಕುಣಿದಂತಾಗುತ್ತದೆ. ಮಲ್ಟಿಯಲ್ಲಿ ಒಂದೇ ತುಳಿತಕ್ಕೆ ಎಲ್ಲವೂ ಬದಲು. ಐದು ಪೆಡಲ್‌ಗಳ ನಡುವೆ ಐದಾರು ತಂತಿ, ಪ್ರತಿ ತಂತಿಯ ಎರಡು ತುದಿಯಲ್ಲೂ ಕೈಕೊಡಬಹುದಾದ ಕೀಲು. ಮಲ್ಟಿಗೆ ಆ ರಗಳೆಯಿಲ್ಲ. ಆದರೆ ಪೆಡಲ್ ಒಂದು ಕೆಟ್ಟರೆ ಅದನ್ನು ಬಿಟ್ಟು ಮುಂದಿನದಕ್ಕೆ ತಂತಿ ಚುಚ್ಚಿ ಕಛೇರಿ ನಡೆಸಬಹುದು. ಮಲ್ಟಿ ಕೆಟ್ಟರೆ ಎಲ್ಲವೂ ಒಟ್ಟಿಗೇ ಮೌನ.

ಕಿವಿಗೆ ಪರೀಕ್ಷೆ

ಕೇಳಿಕೊಂಡರೆ ಅಂಗಡಿಯವರು ಗಿರಾಕಿಯನ್ನು ಕುಳ್ಳಿರಿಸಿ, ಗಿಟಾರ್ ಕೈಗಿತ್ತು, ಪೆಟ್ಟಿಗೆಯನ್ನು ನುಡಿಸಿ ನೋಡಲು ಬಿಡುತ್ತಾರೆ. ಇಲ್ಲಿ ಒಂದು ಎಚ್ಚರ ಅಗತ್ಯ. ಎರಡು ನಾದಗಳಲ್ಲಿ ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಿ, ಒಂದೇ ಮಟ್ಟದ ಶಬ್ದಕ್ಕಿಟ್ಟು, ಒಂದೇ ಪಲುಕನ್ನು ನುಡಿಸಬೇಕು. ಯಾರು ನುಡಿಸಿದರೂ ಗೆಳೆಯನೊಬ್ಬ ಬೆನ್ನು ತಿರುಗಿಸಿ ಕೇಳಿದರೆ ಇನ್ನೂ ಉತ್ತಮ. ಬಣ್ಣ, ಬೆಲೆ, ಹೆಸರು ಯಾವುದೂ ಅಡ್ಡ ಬಾರದು.

ಹಳೆಯ ಮಾಲಿನ ಕಪಾಟೂ ಪಾಠ ಹೇಳುತ್ತದೆ. 1970ರ ದಶಕದ ಕೊನೆಯ ಕೆಲವು ಪೆಡಲ್‌ಗಳಿಗೆ ಹೊಸತಕ್ಕಿಂತ ಹೆಚ್ಚು ಬೆಲೆ. ಹತ್ತಿಪ್ಪತ್ತು ವರ್ಷದ ಮಲ್ಟಿ ಯಂತ್ರಗಳಿಗೆ ಹಳೆಯ ಕಂಪ್ಯೂಟರಿನ ಗತಿ. ಕೊಂಡು ಮಾರುವವನಿಗೆ ಇದು ನಷ್ಟ. ಹೊಸದಾಗಿ ಕಲಿಯುವವನಿಗೆ ಮಾತ್ರ ಲಾಭ. ಆ ಅಗ್ಗದ ಯಂತ್ರದಲ್ಲಿ ಒಂದು ವರ್ಷ ನುಡಿಸಿದರೆ ಅದರ ಐವತ್ತು ನಾದಗಳಲ್ಲಿ ತನಗೆ ದಿನವೂ ಬೇಕಾದದ್ದು ಎರಡೋ ಮೂರೋ ಎಂದು ತಿಳಿಯುತ್ತದೆ. ಆಗ ಆ ಎರಡಕ್ಕೆ ಒಳ್ಳೆಯ ಪೆಡಲ್ ಕೊಂಡರೆ ಹಣ ಹಾಳಾಗುವುದಿಲ್ಲ. ಹಲವು ಹಾಡುಗಳನ್ನು ಹಲವು ನಾದದಲ್ಲಿ ನುಡಿಸುವ ವಾದ್ಯವೃಂದದವನು ಮಲ್ಟಿಯಲ್ಲೇ ಉಳಿದರೂ ಕುಂದೇನಿಲ್ಲ. ತನಗೇನು ಬೇಕೆಂದು ಅರಿಯುವ ಮೊದಲೇ ಪೆಡಲ್‌ಗಳನ್ನು ಸಾಲು ಕಟ್ಟಿಸುವುದು ಮಾತ್ರ ದುಬಾರಿ ಕಲಿಕೆ.

ಕೊಂಡು ತರುವವರ ಗಮನಕ್ಕೆ

ಜಪಾನಿನ ಮನೆವಿದ್ಯುತ್ 100 ವೋಲ್ಟ್, ನಮ್ಮದು 230. ಅಡಾಪ್ಟರಿನ ಬೆನ್ನ ಮೇಲೆ 100ರಿಂದ 240 ಎಂದಿದ್ದರೆ ಭಯವಿಲ್ಲ. ಬರೀ 100 ಎಂದಿದ್ದರೆ ಅದನ್ನು ಅಲ್ಲೇ ಬಿಟ್ಟು ಊರಿನಲ್ಲಿ ಬೇರೆ ಕೊಳ್ಳುವುದು ಲೇಸು. ಬಹುಪಾಲು ಪೆಡಲ್‌ಗಳಿಗೆ ಬೇಕಾದುದು 9 ವೋಲ್ಟ್, ಅದೂ ಪಿನ್ನಿನ ನಡುಭಾಗ ಋಣವಾಗಿರುವಂಥದು. ಉಲ್ಟಾ ಆದರೆ ಪೆಡಲ್ ಸುಡಬಹುದು. ಬ್ಯಾಟರಿ ಹಾಕಿದ್ದರೆ, ನುಡಿಸಿ ಮುಗಿದ ಮೇಲೆ ಗಿಟಾರಿನಿಂದ ಬರುವ ತಂತಿಯನ್ನು ಪೆಡಲ್‌ನಿಂದ ಕೀಳಲು ಮರೆಯಬಾರದು. ಹೆಚ್ಚಿನವುಗಳಲ್ಲಿ ಆ ತೂತೇ ಬ್ಯಾಟರಿಯ ಸ್ವಿಚ್ಚು. ರಾತ್ರಿಯಿಡೀ ಚುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಬ್ಯಾಟರಿ ಬರಿದಾಗಿರಬಹುದು.